ಬುಟ್ಟಿ ಇಳಿಸಿದ ಮೇಲೆ

ಗಣಪತಿ ಹಬ್ಬದ ಬೆನ್ನಿಗೇ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಓಣಿಗಳಿಗೆ ಜೋಕುಮಾರ ಬರುತ್ತಾನೆ. ಬಿದಿರಿನ ಬುಟ್ಟಿ, ಅದರ ತುಂಬ ಬೇವಿನ ಸೊಪ್ಪು, ನಡುವೆ ಅಗಲ ಕಣ್ಣಿನ ಮಣ್ಣಿನ ಗೊಂಬೆ, ಗೊಂಬೆಯ ಬಾಯಿಗೆ ಬೆಣ್ಣೆ. ಹೊತ್ತು ತಂದ ಹೆಂಗಸರು ಅಂಗಳದಲ್ಲಿ ಬುಟ್ಟಿ ಇಳಿಸಿ ಅವನ ಹುಟ್ಟು, ಏಳು ದಿನದ ಬಾಳು, ಸಾವು ಎಲ್ಲವನ್ನೂ ಹಾಡುತ್ತಾರೆ. ದೊಡ್ಡವರು ಮೊರದಲ್ಲಿ ಜೋಳ ತರುವಷ್ಟರಲ್ಲಿ ಮಕ್ಕಳು ಬುಟ್ಟಿಯ ಅಂಚು ಹಿಡಿದು ಬಗ್ಗಿರುತ್ತಾರೆ.

ಚಿಕ್ಕ ಮಕ್ಕಳಿಗೆ ವಸ್ತು ಹಿಡಿದು ಕಥೆ ಹೇಳುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಗೊಂಬೆ ಅಲುಗುವುದಿಲ್ಲ, ಅರ್ಧ ಮೈ ಸೊಪ್ಪಿನಲ್ಲಿ ಮುಚ್ಚಿದೆ. ಅವನನ್ನು ಹೊಲಕ್ಕೆ ನಡೆಸುವುದು, ಮಳೆ ತರಿಸುವುದು ಹಾಡು. ಉಳಿದದ್ದನ್ನು ಮಗು ತಾನೇ ಕಟ್ಟಿಕೊಳ್ಳಬೇಕು. ಜೋಕುಮಾರನ ಪೂರ್ತಿ ಕಥೆ ಎಳೆಯರಿಗೆ ಹೇಳುವಂಥದ್ದಲ್ಲ, ನಿಜ. ಆದರೆ ಬುಟ್ಟಿಯ ಜಾಣತನವನ್ನು ಅಂಗನವಾಡಿ ಧಾರಾಳವಾಗಿ ಎರವಲು ಪಡೆಯಬಹುದು.

2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ ‘ಜಾದೂಯಿ ಪಿಟಾರಾ’ ಹೊರತಂದಿತು. ಗೊಂಬೆ, ಆಟಿಕೆ, ಒಗಟಿನ ಆಟ, ಕಥೆಪುಸ್ತಕ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಉದ್ದೇಶ ಮೆಚ್ಚುವಂಥದ್ದು. ಆದರೆ ದಾಸ್ತಾನು ವಹಿಗೆ ಏರಿದ ಗೊಂಬೆಯನ್ನು ಮಗುವಿನ ಕೈಗೆ ಕೊಡಲು ಯಾರಿಗೂ ಅಳುಕೇ. ಮುರಿದರೆ ಲೆಕ್ಕ ಯಾರು ಕೊಡಬೇಕು? ಕಪಾಟಿನಲ್ಲಿ ಹೊಸದಾಗಿಯೇ ಉಳಿದ ಗೊಂಬೆ ಯಾವ ಕಥೆಯನ್ನೂ ಹೇಳದು.

ಅತಿಯಾದರೂ ಕೇಡೇ. ಪುಣ್ಯಕೋಟಿಯ ಕಥೆಗೆ ಹಸು, ಕರು, ಹುಲಿ, ಗುಡ್ಡ, ದೊಡ್ಡಿ ಎಲ್ಲವನ್ನೂ ಸಾಲಾಗಿ ಇಟ್ಟರೆ ಹೇಳುವವರ ಕಣ್ಣು ಮಕ್ಕಳನ್ನು ಬಿಟ್ಟು ಸಾಮಾನಿನ ಮೇಲೆ ಬೀಳುತ್ತದೆ. ಹಸು ಒಂದೇ ಸಾಕು. ಹುಲಿ ದನಿಯಲ್ಲೇ ಇರಲಿ. ಮೆತ್ತನೆಯ ಬಟ್ಟೆಯ ಹುಲಿಯನ್ನು ಕಂಡ ಮಗು ಹೆದರುವುದಿಲ್ಲ, ಮುದ್ದಾಡಲು ಕೇಳುತ್ತದೆ. ಹೆದರಿಕೆಯಿಲ್ಲದೆ ಆ ಹಸು ಕೊಟ್ಟ ಮಾತಿಗೆ ತೂಕವೆಲ್ಲಿ?

ಇನ್ನು ವಸ್ತುವಿಗೆ ಈ ನೆಲದಲ್ಲಿ ಬರವಿಲ್ಲ. ರಬಕವಿ-ಬನಹಟ್ಟಿಯ ನೇಕಾರರ ಮನೆಯ ಹಳೆಯ ಲಾಳಿ ಎರಡೂ ತುದಿ ಚೂಪಾದ ದೋಣಿಯೇ ಸರಿ. ಒಳಗೊಂದು ಕಂಡಿಕೆ ಇಟ್ಟರೆ ಅಂಬಿಗ. ಗದಾಯುದ್ಧ ಬರೆದ ರನ್ನನ ಊರು ಮುಧೋಳದಲ್ಲಿ ಭೀಮನಿಗೆ ಕಬ್ಬಿನ ತುಂಡೇ ಗದೆ. ಅದಕ್ಕೂ ಮಿಗಿಲು ಮಣ್ಣು. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ ಎಂದು ಮಳೆಗಾಲದುದ್ದಕ್ಕೂ ಐದು ಸಲ ಮಣ್ಣಿಗೆ ರೂಪ ಕೊಟ್ಟು ಪೂಜಿಸುವ ಸೀಮೆಯಿದು. ಆಷಾಢದ ಮಂಗಳವಾರ ಹುಡುಗಿಯರು ಗುಳ್ಳವ್ವನಿಗೆ ಕುಸುಬೆ ಕಾಳು, ಗುಲಗಂಜಿ ಒತ್ತಿ ಒಡವೆ ತೊಡಿಸುವಾಗ ಕೈಯೂ ಬಾಯಿಯೂ ಕೂಡಿಯೇ ನಡೆಯುತ್ತವೆ.

ಎರೆಮಣ್ಣಿನ ಎತ್ತು ಒಣಗಿದಂತೆ ಬಿರಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಎರಡು ದಿನಕ್ಕೆ ಒಂದು ಕೋಡು ಮುಂದಿನ ಮೇವಿನ ಗ್ವಾದಲಿಯೊಳಗೆ ಬಿದ್ದಿರುತ್ತದೆ. ಆಗ ಟೀಚರ್ ಅದನ್ನು ಎಸೆಯದೆ, ಮಕ್ಕಳ ನಡುವೆ ಇಟ್ಟು ಇಷ್ಟು ಕೇಳಲಿ: ಈ ಎತ್ತು ರಾತ್ರಿ ಯಾರ ಜೋಡಿ ಗುದ್ದಾಡಿ ಬಂತು?