‘ಸಂಕಟ’ ಮತ್ತು ‘ಬೇಜಾರು’: ಭಾವಸಿದ್ಧಾಂತಗಳ ಮುಂದೆ ಕನ್ನಡ

ಭಾವನೆಗಳನ್ನು ಕುರಿತ ಆಧುನಿಕ ಮನೋವಿಜ್ಞಾನದ ಚರ್ಚೆಯ ಬಹುಪಾಲು ಒಂದು ಪೂರ್ವಗ್ರಹಿಕೆಯ ಮೇಲೆ ನಿಂತಿದೆ: ಭಾವವು ಒಳಗೆ ಸಿದ್ಧವಾಗಿರುತ್ತದೆ, ಸಂಸ್ಕೃತಿಯು ಅದನ್ನು ಹೊರಗೆ ಬಿಡುತ್ತದೆ ಅಥವಾ ಅದುಮಿಡುತ್ತದೆ. ಪಾಲ್ ಎಕ್‌ಮನ್ ಮತ್ತು ವ್ಯಾಲೇಸ್ ಫ್ರೀಸನ್ 1969ರಲ್ಲಿ ಮಂಡಿಸಿದ ‘ಪ್ರದರ್ಶನ ನಿಯಮ’ಗಳ ಪರಿಕಲ್ಪನೆಯೂ ಇದೇ ನೆಲೆಯದು. 1973ರಲ್ಲಿ ಜೂಲಿಯನ್ ಲೆಫ್ ಇನ್ನೂ ಮುಂದೆ ಹೋಗಿ, ಅಭಿವೃದ್ಧಿಶೀಲ ದೇಶಗಳ ಜನರಲ್ಲಿ ಆತಂಕ, ಖಿನ್ನತೆಗಳನ್ನು ಬೇರ್ಪಡಿಸಿ ಹೇಳುವ ಶಕ್ತಿ ಕಡಿಮೆ ಎಂದು ವಾದಿಸಿದರು. ದೇಹದ ಮಾತಿನಲ್ಲಿ ದುಃಖ ಹೇಳುವವರು ವಿಕಾಸದ ಕೆಳಮೆಟ್ಟಿಲಿನಲ್ಲಿದ್ದಾರೆಂಬ ಧ್ವನಿ ಈ ವಾದದಲ್ಲಿದೆ.

ಕನ್ನಡವು ಈ ವಾದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಕಳವಳ, ದಿಗಿಲು, ತಳಮಳ, ಕೊರಗು ಇವು ಪರ್ಯಾಯಪದಗಳಲ್ಲ. ದಿಗಿಲು ಥಟ್ಟನೆ ಹುಟ್ಟುತ್ತದೆ. ಕೊರಗು ಬಹುಕಾಲ ಒಳಗೇ ಉಳಿಯುತ್ತದೆ. ‘ಸಂಕಟ’ವಂತೂ ವಾಕರಿಕೆಯೂ ಹೌದು, ವ್ಯಥೆಯೂ ಹೌದು. ಹೊಟ್ಟೆಯಲ್ಲಿ ಸಂಕಟವೆನ್ನುವವರು ದುಃಖವನ್ನು ಮರೆಮಾಚಿ ದೇಹವನ್ನು ಮುಂದೊಡ್ಡುತ್ತಿದ್ದಾರೆಂದು ತಿಳಿಯಬೇಕಿಲ್ಲ. ಆ ಮಾತಿನಲ್ಲಿ ಎರಡೂ ಒಂದಾಗಿರುವುದು ಸಾಧ್ಯ. ದೈಹಿಕ ಬದಲಾವಣೆಯ ಅನುಭವವೇ ಭಾವ ಎಂದು 1884ರಲ್ಲಿ ವಾದಿಸಿದ ವಿಲಿಯಂ ಜೇಮ್ಸ್‌ಗೆ ಈ ಬಳಕೆ ವಿಚಿತ್ರವೆನಿಸುತ್ತಿರಲಿಲ್ಲ.

ಬೆಂಗಳೂರು ದಕ್ಷಿಣದಲ್ಲಿ ಈ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. ಜಯನಗರಕ್ಕೆ ಸಮೀಪದ ಹೊಸೂರು ರಸ್ತೆಯಲ್ಲಿ, ಮಾನಸಿಕ ಆಸ್ಪತ್ರೆ ಹಾಗೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಎಲ್. ಕಪೂರ್, ಜಿ. ಎಂ. ಕಾರ್‌ಸ್ಟೇರ್ಸ್ ಜತೆ ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಗ್ರಂಥರೂಪಕ್ಕೆ ಬಂದಿತು. ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳನ್ನು ಕುರಿತ ಆ ಕೃತಿ ಮೈಮೇಲೆ ಬರುವುದನ್ನೂ ಕಾರಣ ಕಾಣದ ಮೈನೋವುಗಳನ್ನೂ ಗಂಭೀರವಾಗಿ ಪರಿಗಣಿಸಿತು. ಸ್ಥಳೀಯ ಮಾತನ್ನು ಸಾಮಗ್ರಿಯಾಗಿ ಸ್ವೀಕರಿಸಿದ್ದು ಅದರ ದೊಡ್ಡ ಗುಣ. ಆದರೆ ಕೊನೆಗೆ ಆ ಮಾತು ‘ಲಕ್ಷಣ’ವಾಗಿ ಎಣಿಕೆಗೆ ಸೇರುವುದು ಅದರ ಮಿತಿ.

ಭಾವವನ್ನು ರಸಸಿದ್ಧಾಂತದಿಂದಲೇ ವಿವರಿಸಿಬಿಡುವ ನಮ್ಮ ವಿಮರ್ಶೆಯ ಉತ್ಸಾಹವೂ ಇಲ್ಲಿ ನೆರವಿಗೆ ಬಾರದು. ರಸ ಸಹೃದಯನ ಆಸ್ವಾದ. ಅಡಿಗೆಮನೆಯ ಸಿಟ್ಟು ರೌದ್ರವಲ್ಲ. ಇದಕ್ಕಿಂತ ಹೆಚ್ಚು ಬೆಳಕು ಚೆಲ್ಲುವುದು ಬೆಂಗಳೂರಿನ ನಿತ್ಯದ ಮಾತಾದ ‘ಬೇಜಾರು’. ‘ನನಗೆ ಬೇಜಾರಾಯಿತು’ ಎಂಬಲ್ಲಿ ಭಾವ ವ್ಯಕ್ತಿಗೆ ಒದಗಿಬರುತ್ತದೆ; ‘ಬೇಜಾರು ಮಾಡಿಕೊಂಡರು’ ಎಂಬಲ್ಲಿ ಅದು ವ್ಯಕ್ತಿಯ ಕ್ರಿಯೆ, ಅದಕ್ಕೆ ಹೊಣೆಯೂ ಉಂಟು. ‘ಬೇಜಾರು ಮಾಡ್ಕೋಬೇಡಿ’ ಎಂಬ ಕೋರಿಕೆಯಂತೂ ಭಾವವನ್ನು ಇಬ್ಬರ ನಡುವಿನ ವ್ಯವಹಾರವಾಗಿಸುತ್ತದೆ. ವ್ಯಾಕರಣದಿಂದ ನೇರವಾಗಿ ಮನಸ್ಸಿಗೆ ಜಿಗಿಯುವುದು ಅವಸರವಾದೀತು, ನಿಜ. ಆದರೂ ಒಂದೇ ಪದ ಏಕತಾನದ ದಣಿವು, ನೊಂದ ಅಭಿಮಾನ, ಬದುಕಿನ ನಿರಾಸಕ್ತಿ ಮೂರನ್ನೂ ಹೊರುವಾಗ, ಪ್ರಶ್ನಾವಳಿಯ ‘ಖಿನ್ನತೆ’ಯ ಮುಂದೆ ‘ಇಲ್ಲ’ ಎಂದು ಗುರುತು ಹಾಕಿದವರು ಯಾವುದನ್ನು ನಿರಾಕರಿಸಿದರು ಎಂಬುದನ್ನು ಆ ಹಾಳೆಯೊಂದೇ ತಿಳಿಸಲಾರದು.