‘ಸಂಸ್ಕಾರ’ ಕಾದಂಬರಿಯಲ್ಲಿ ಬಂಧುತ್ವವಿಚಾರ

ಶ್ಮಶಾನದವರೆಗೆ ಜೊತೆಯಾಗಿ ಬರುವವನೇ ಬಂಧುವೆಂಬ ನೀತಿಯನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಊರಿಗೆ ಮಾರಿ ಹೊಕ್ಕ ಕಾಲದಲ್ಲಿ ಈ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಬಲ್ಲವರು ಎಷ್ಟು ಮಂದಿ? ಶ್ರೀ ಯು. ಆರ್. ಅನಂತಮೂರ್ತಿಯವರು ೧೯೬೫ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ವೆಂಬ ಕಾದಂಬರಿಯು ಈ ಪ್ರಶ್ನೆಯನ್ನೇ ಎತ್ತಿ ನಿಲ್ಲಿಸಿರುವುದು. ಆ ಗ್ರಂಥವನ್ನು ಕುರಿತು, ಅದು ಬ್ರಾಹ್ಮಣ್ಯದ ಖಂಡನೆಯೆಂದೂ ಒಬ್ಬ ಪಂಡಿತನ ಅಂತರಂಗಶೋಧನೆಯೆಂದೂ ಬಹಳ ಚರ್ಚೆ ನಡೆದಿದೆ. ಅದು ಒಂದು ಮಹಾಮಾರಿಯ ಕಥೆಯೂ ಅಹುದೆಂಬ ಅಂಶಕ್ಕೆ ಮಾತ್ರ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ೨೦೨೦ರ ಕೊರೋನಾ ಪಿಡುಗನ್ನು ಕಂಡುಂಡ ವಾಚಕರಿಗೆ ಈ ಅಂಶವು ಕಣ್ಣಿಗೆ ಬೀಳದೆ ಇರದು.

ಕಥೆಯಲ್ಲಿ ಬರುವ ವ್ಯಾಧಿಯು ಪ್ಲೇಗು. ಚೀನದೇಶದಿಂದ ಹೊರಟು, ೧೮೯೪ರಲ್ಲಿ ಹಾಂಗ್‌ಕಾಂಗನ್ನೂ ೧೮೯೬ರಲ್ಲಿ ಮುಂಬಯಿಯನ್ನೂ ೧೮೯೮ರಲ್ಲಿ ಬೆಂಗಳೂರನ್ನೂ ಹೊಕ್ಕು, ಅನಂತರ ಅನೇಕ ದಶಕಗಳ ಕಾಲ ನಾಡಿನ ಹಳ್ಳಿಗಳನ್ನು ಕಾಡಿದ ರೋಗವದು. ಇಲಿ ಬಿದ್ದ ಮನೆಯನ್ನು ತೊರೆದು ಜನರು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಸಂಗತಿಯು ಹಳೆಯ ಮನೆತನಗಳ ಬಾಯಲ್ಲಿ ಬಹುಕಾಲ ಉಳಿದಿತ್ತು. ಕಾದಂಬರಿಯಲ್ಲಿ ಅದು ಶಿವಮೊಗ್ಗೆಯಿಂದ ನಾರಣಪ್ಪನ ಮೈಯಲ್ಲಿ ದೂರ್ವಾಸಪುರದ ಅಗ್ರಹಾರಕ್ಕೆ ಬರುವುದು. ನಾರಣಪ್ಪನು ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಮದ್ಯಮಾಂಸಗಳನ್ನು ಸೇವಿಸಿದವನು, ಚಂದ್ರಿಯೆಂಬ ಹೆಂಗಸನ್ನು ಮನೆಯಲ್ಲಿ ಇಟ್ಟುಕೊಂಡವನು. ಆದರೂ ಅವನಿಗೆ ಬಹಿಷ್ಕಾರವಾಗಿರಲಿಲ್ಲ. ಅವನು ಸತ್ತ ಮೇಲೆ ಶವಸಂಸ್ಕಾರವಾಗುವ ತನಕ ಯಾರೂ ಉಣ್ಣುವಂತಿಲ್ಲ. ಸಂಸ್ಕಾರ ಮಾಡಲು ಯಾರೂ ಮುಂದೆ ಬರುವುದಿಲ್ಲ. ಚಂದ್ರಿಯು ತನ್ನ ಒಡವೆಗಳನ್ನು ಬಿಚ್ಚಿ ಖರ್ಚಿಗೆಂದು ಇಟ್ಟೊಡನೆಯೇ ನಂಟರಿಗೆ ತಮ್ಮ ನಂಟುತನವು ನೆನಪಾಗುವುದು!

ಇಲ್ಲಿ ಗ್ರಂಥಕರ್ತರ ಸೂಕ್ಷ್ಮದೃಷ್ಟಿಯು ಮೆಚ್ಚತಕ್ಕದ್ದು. ಅಗ್ರಹಾರದವರು ಹೆಣದಿಂದ ದೂರ ನಿಲ್ಲುವಾಗ ಅದು ಪ್ಲೇಗಿನ ಹೆಣವೆಂಬುದನ್ನು ಅರಿಯರು. ಅವರು ಅಂಜುವುದು ಮೈಲಿಗೆಗೆ, ಲೋಕಾಪವಾದಕ್ಕೆ. ಎಂದರೆ ರೋಗಭಯಕ್ಕಿಂತ ಮೊದಲೇ ತಿರಸ್ಕಾರವು ಅಲ್ಲಿ ಮನೆ ಮಾಡಿತ್ತು. ರೋಗವು ಅದನ್ನು ಹೊರಗೆಳೆದು ತೋರಿಸಿತು, ಅಷ್ಟೆ. ಇಲಿಗಳು ಬೀಳುತ್ತಿರಲು, ಹದ್ದುಗಳು ಮಾಡಿನ ಮೇಲೆ ಕುಳಿತಿರಲು, ಶಂಖ ಜಾಗಟೆಗಳಿಂದ ಅವುಗಳನ್ನು ಓಡಿಸುವ ಸನ್ನಿವೇಶದಲ್ಲಿ ಬೀಭತ್ಸವೂ ಹಾಸ್ಯವೂ ಒಂದರೊಳಗೊಂದು ಬೆರೆತಿವೆ. ಪೂಜೆಯ ನಾದವೇ ಭಯದ ನಾದವಾಗುವುದನ್ನು ಕೇಳಿದ ಸಹೃದಯನು ಅದನ್ನು ಸುಲಭವಾಗಿ ಮರೆಯಲಾರನು.

ಅದೇ ಸಮಯದಲ್ಲಿ ಹೊಲಗೇರಿಯಲ್ಲಿಯೂ ಜನರು ಸಾಯುತ್ತಿರುವರು. ಅಲ್ಲಿ ಹೆಣವಿದ್ದ ಗುಡಿಸಲಿಗೆ ಬೆಂಕಿ ಹಚ್ಚುವರು, ಅದೇ ಸಂಸ್ಕಾರ. ವ್ಯಾಧಿಯು ಒಂದೇ; ಒಂದೆಡೆ ವಿಧಿಯ ಹೊರೆಯಿಂದ ಹೆಣವು ಕೊಳೆಯುವುದು, ಇನ್ನೊಂದೆಡೆ ಯಾವ ವಿಧಿಯನ್ನೂ ಕೇಳುವವರಿಲ್ಲದೆ ಹೆಣವು ಉರಿಯುವುದು. ಈ ಎರಡನ್ನೂ ಬಳಿಬಳಿಯಲ್ಲಿ ಇರಿಸಿದುದು ಶ್ಲಾಘ್ಯವೇ. ಆದರೆ ಒಂದು ನ್ಯೂನತೆಯನ್ನು ಹೇಳದೆ ವಿಧಿಯಿಲ್ಲ. ಅಗ್ರಹಾರದ ಕ್ಷುದ್ರಾತಿಕ್ಷುದ್ರನಿಗೂ ಒಂದು ಮನಸ್ಸನ್ನು ಕೊಟ್ಟಿರುವ ಗ್ರಂಥಕರ್ತರು ಕೇರಿಯ ಬೆಳ್ಳಿಗೆ ಹೆಚ್ಚಾಗಿ ಮೈಮಾಟವನ್ನು ಮಾತ್ರ ಕೊಟ್ಟಿರುವರು. ತಂದೆತಾಯಿಗಳನ್ನು ಕಳೆದುಕೊಂಡವಳ ಶೋಕಕ್ಕೆ ದೊರೆತ ಸ್ಥಳವು ಅತ್ಯಲ್ಪ. ಯಾವ ಬೇಲಿಯನ್ನು ಕಾದಂಬರಿಯು ಖಂಡಿಸುವುದೋ, ಅದೇ ಬೇಲಿಯ ಬಳಿ ಲೇಖನಿಯೂ ಒಂದು ಕ್ಷಣ ನಿಂತುಬಿಟ್ಟಂತೆ ತೋರುವುದು.

ಕಡೆಗೆ ಶವವನ್ನು ದಹಿಸಿದವರು ಯಾರು? ಗಾಡಿಯನ್ನೂ ಸೌದೆಯನ್ನೂ ತಂದು ರಾತ್ರಿಯಲ್ಲಿ ಯಾರಿಗೂ ಕಾಣದಂತೆ ಆ ಕಾರ್ಯವನ್ನು ನೆರವೇರಿಸಿದವನು ಮೀನಿನ ವ್ಯಾಪಾರಿಯಾದ ಅಹಮದ್ ಬ್ಯಾರಿ. ಅವನನ್ನು ಬೇಡಿದವಳು ಚಂದ್ರಿ. ಎತ್ತು ಕೊಳ್ಳಲು ನಾರಣಪ್ಪನು ಹಿಂದೆ ಹಣ ಕೊಟ್ಟಿದ್ದನೆಂಬುದೇ ಅವನಿಗೆ ಸಾಕಾದ ಕಾರಣ. ಮತವಿಚಾರವಿಲ್ಲ, ಉಪದೇಶವಿಲ್ಲ, ಪಡೆದ ಉಪಕಾರದ ಸ್ಮರಣೆಯೊಂದೇ ಇದೆ. ಈ ಪ್ರಸಂಗವನ್ನು ಕೆಲವೇ ಮಾತುಗಳಲ್ಲಿ ಮುಗಿಸಿರುವುದು ಔಚಿತ್ಯವನ್ನು ಬಲ್ಲವರ ಲಕ್ಷಣ. ದೊಡ್ಡದನ್ನು ಮಾಡಿದೆವೆಂಬ ಭಾವವು ಮಾಡಿದವರಲ್ಲಿಯೇ ಇಲ್ಲದಿರುವಾಗ ಬಣ್ಣಿಸುವವನಿಗೆ ಅದೇಕೆ?

ಇನ್ನು ಶಾಸ್ತ್ರವಿಚಾರ. ಕಾಶಿಯಲ್ಲಿ ಓದಿದ ವೇದಾಂತಶಿರೋಮಣಿ ಪ್ರಾಣೇಶಾಚಾರ್ಯನು ಓಲೆಗರಿಗಳನ್ನೆಲ್ಲ ತಿರುವಿಹಾಕಿ, ಉತ್ತರ ಕಾಣದೆ, ಮಾರುತಿಯ ಪ್ರಸಾದಕ್ಕಾಗಿ ಕಾದು ಕುಳಿತುಕೊಳ್ಳುವನು. ಸ್ಮೃತಿಗಳ ಪರಿಚಯವುಳ್ಳವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಅನಾಥನಾದ ಬ್ರಾಹ್ಮಣನ ಶವವನ್ನು ಹೊರುವವರಿಗೆ ಹೆಜ್ಜೆಹೆಜ್ಜೆಗೂ ಯಜ್ಞಫಲ ಲಭಿಸುವುದೆಂದು ಪರಾಶರಸ್ಮೃತಿಯು ಮೂರನೆಯ ಅಧ್ಯಾಯದಲ್ಲಿ ಹೇಳುತ್ತದೆ. ಮಹಾಭಾರತದ ಶಾಂತಿಪರ್ವವು ಆಪದ್ಧರ್ಮಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದೆ. ನಾರಣಪ್ಪನಿಗೆ ನಂಟರಿದ್ದುದರಿಂದ ಅವನು ಅನಾಥನಲ್ಲವೆಂದು ವಾದಿಸಬಹುದು. ಇದ್ದ ನಂಟರೆಲ್ಲರೂ ಹಿಂದೆಗೆದ ಮೇಲೆ ಅವನಿಗಿಂತ ಅನಾಥನು ಯಾರು? ಆದುದರಿಂದ ಶಾಸ್ತ್ರವು ಮೂಕವೆಂದು ಬಗೆಯುವುದು ಸರಿಯಲ್ಲ.

ಈ ದೋಷವು ಪಾಂಡಿತ್ಯಕ್ಕೆ ಮಾತ್ರ ಸಂಬಂಧಿಸಿದುದಲ್ಲ, ಕಥೆಗೂ ಸಂಬಂಧಿಸಿದುದು. ಈಗಿರುವಂತೆ ಅಪರಾಧದ ಬಹುಭಾಗವು ಗ್ರಂಥಗಳ ತಲೆಯ ಮೇಲೆ ಬೀಳುವುದು. ಓದಿದ ಮನುಷ್ಯನು ಅಷ್ಟರಮಟ್ಟಿಗೆ ಪಾರಾಗುವನು. ಆಚಾರ್ಯನು ಪರಾಶರನ ಮಾತನ್ನು ಕಂಡುಹಿಡಿದು, ಕಂಡೂ ಹೆಗಲು ಕೊಡಲು ಹಿಂಜರಿದಿದ್ದರೆ, ಸಂಕಟವು ಇನ್ನೂ ತೀಕ್ಷ್ಣವಾಗುತ್ತಿತ್ತು. ಎಲ್ಲರಿಗಿಂತ ಮೊದಲು ತಾನೇ ಎದ್ದು ಚಟ್ಟಕ್ಕೆ ಕೈ ಹಾಕಲು ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವನ ಮಾತಿಗೆ ಕಾದಿದ್ದ ಊರು ಅವನ ಹಿಂದೆಯೇ ಬರುತ್ತಿದ್ದಿತು.

ಇದು ಕೇವಲ ಹಳೆಯ ಅಗ್ರಹಾರದ ಮಾತಲ್ಲ. ಅಗ್ರಹಾರವೂ ಇಲ್ಲದ, ಓಲೆಗರಿಯೂ ಇಲ್ಲದ ಚೆನ್ನೈ ಪಟ್ಟಣದಲ್ಲಿ, ೨೦೨೦ರ ಏಪ್ರಿಲ್ ತಿಂಗಳಿನಲ್ಲಿ, ಕೊರೋನಾದಿಂದ ಮಡಿದ ವೈದ್ಯರೊಬ್ಬರ ಶವವನ್ನು ಹೂಳಗೊಡದೆ ಜನರು ಕಲ್ಲೆಸೆದರು. ಅದೇ ದಿನಗಳಲ್ಲಿ ರೋಗವನ್ನು ಹರಡಿದವರೆಂಬ ದೂಷಣೆಯು ಮುಸಲ್ಮಾನ ಸಮಾಜದ ಮೇಲೆ ಬಂದಿತು. ಮುಂದೆ ಮಕ್ಕಳೂ ಬಳಿಗೆ ಬಾರದ ಹಿಂದೂಗಳ ಶವಗಳನ್ನು ಚಿತೆಯವರೆಗೆ ಹೊತ್ತವರಲ್ಲಿ ಅದೇ ಸಮಾಜದ ತರುಣರು ಅನೇಕ ಊರುಗಳಲ್ಲಿದ್ದರು. ಐವತ್ತೈದು ವರ್ಷಗಳ ಹಿಂದೆಯೇ ಅಹಮದ್ ಬ್ಯಾರಿಯ ಗಾಡಿಯನ್ನು ಕಂಡಿದ್ದ ಕನ್ನಡ ಓದುಗರಿಗೆ ಇದು ಅಚ್ಚರಿಯಾಗಿ ತೋರಬೇಕಾಗಿರಲಿಲ್ಲ. ಅಚ್ಚರಿಯಾಗಿ ತೋರಿದ್ದರೆ, ಪುಸ್ತಕವನ್ನು ಓದಿದುದು ಸಾಲದೆಂದೇ ಅರ್ಥ.

ಕಾದಂಬರಿಯ ಕೊನೆಯಲ್ಲಿ ಆಚಾರ್ಯನು ಗಾಡಿಯಲ್ಲಿ ಕುಳಿತು ದೂರ್ವಾಸಪುರದ ಕಡೆಗೆ ಹೊರಟಿರುವನು. ಅಲ್ಲಿ ಏನು ಹೇಳುವನೋ ಗ್ರಂಥವು ತಿಳಿಸದು. ಉತ್ತರವಿಲ್ಲದ ಈ ಸಮಾಪ್ತಿಯನ್ನು ಕೆಲವರು ಆಕ್ಷೇಪಿಸಿರುವರು. ಆದರೆ ಆ ಉತ್ತರವು ಓದುವ ಮನೆಗಳಲ್ಲಿ ಹುಟ್ಟತಕ್ಕದ್ದು. ಹಿರಿಯರು ಈ ಪುಸ್ತಕವನ್ನು ಬಚ್ಚಿಡದೆ, ಒಪ್ಪದ ಕಡೆಗಳಲ್ಲಿ ಒಪ್ಪುವುದಿಲ್ಲವೆಂದು ಹೇಳಿಯೇ, ಪ್ರಾಪ್ತವಯಸ್ಕರಾದ ಮಕ್ಕಳೊಡನೆ ಕೂಡಿ ಓದುವುದು ಯುಕ್ತ. ನೆರೆಮನೆಯಲ್ಲಿ ಸಾವಾದಾಗ ಯಾರು ಮೊದಲು ಏಳಬೇಕೆಂಬ ಮಾತು ಆಗ ತಾನಾಗಿಯೇ ಬರುವುದು.