ನೀರಿನ ಜಾಡಿನಲ್ಲಿ ಒಂದು ದಿನದ ಹಂಪಿ

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಬೆಟ್ಟವೊಂದನ್ನೇರಿ, ಕಣ್ಣಿಗೆ ಕಂಡಷ್ಟು ನಗರವನ್ನು ನೋಡಿ, ಅದು ರೋಮ್‌ನಷ್ಟೇ ದೊಡ್ಡದೆಂದು ಬರೆದಿಟ್ಟನು. ಆದರೆ ಈ ಎರಡು ನಗರಗಳ ಹೋಲಿಕೆಯನ್ನು ವಿಸ್ತಾರದಲ್ಲಿ ಹುಡುಕುವುದಕ್ಕಿಂತ, ಅವು ನೀರನ್ನು ತಂದ ಬಗೆಯಲ್ಲಿ ಹುಡುಕುವುದೇ ಹೆಚ್ಚು ಫಲಕಾರಿ. ಒಂದೇ ದಿನದ ಬಿಡುವಿರುವವರಿಗಂತೂ ನೀರಿನ ಜಾಡಿಗಿಂತ ಒಳ್ಳೆಯ ದಾರಿಯಿಲ್ಲ.

ಬಾದನಹಟ್ಟಿ, ಕುರುಗೋಡು ಕಡೆಯಿಂದ ಕಂಪ್ಲಿಯ ಮೇಲೆ ಹೊರಡುವವರು ಬಿಸಿಲೇರುವ ಮುನ್ನವೇ ಕಮಲಾಪುರ ಕೆರೆಯ ಏರಿಯನ್ನು ಸೇರಬೇಕು, ಏಕೆಂದರೆ ಅರಮನೆಯ ಆವರಣಕ್ಕೆ ನೀರು ಹರಿದದ್ದು ಈ ಕೆರೆಯಿಂದ. ಅಲ್ಲಿಂದ ಮಹಾನವಮಿ ದಿಬ್ಬದ ಬಳಿಗೆ ಬಂದರೆ ಮೇಲ್ಗಾಲುವೆ, ಅಂದರೆ ನೆಲದಿಂದ ಎತ್ತರಿಸಿ ಕಟ್ಟಿದ ಕಾಲುವೆ, ಕಾಣಿಸುತ್ತದೆ. ರೋಮನ್ನರು ಕಮಾನಿನ ಮೇಲೆ ಕಮಾನು ಏರಿಸಿ ಕಣಿವೆಗಳನ್ನೇ ದಾಟಿಸಿದರೆ, ಇಲ್ಲಿನ ಕಲ್ಲುಕುಟಿಗರು ಕಮಾನಿನ ಗೊಡವೆಗೆ ಹೋಗದೆ ಒರಟು ಕಲ್ಲುಕಂಬಗಳನ್ನು ನಿಲ್ಲಿಸಿ, ನಡುವೆ ತೋಡಿದ ಗ್ರಾನೈಟ್ ದೋಣಿಗಳನ್ನು ಅವುಗಳ ಮೇಲೆ ತುದಿಗೆ ತುದಿ ಕೂಡಿಸಿದರು. ಎರಡೂ ಕಡೆ ನೀರನ್ನು ನಡೆಸಿದ್ದು ಇಳಿಜಾರೊಂದೇ.

ಈ ದೋಣಿಸಾಲಿನ ಸಮೀಪದಲ್ಲೇ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಪುಷ್ಕರಣಿಯಿದೆ. ಇಲ್ಲಿ ಅವಸರ ಸಲ್ಲದು. ಅಂಚಿನಿಂದ ಬಾಗಿ ನೋಡಿದರೆ ಕಪ್ಪನೆಯ ಬಳಪದ ಕಲ್ಲುಗಳ ಮೇಲೆ ಕೊರೆದ ಚಿಕ್ಕ ಗುರುತುಗಳು ಕಾಣುತ್ತವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂಬುದನ್ನು ಅವು ಹೇಳುವುದರಿಂದ, ಕಲ್ಲುಗಳನ್ನು ಮೊದಲೇ ಅಳತೆಗೆ ಕಡೆದು ಆಮೇಲೆ ಜೋಡಿಸಿದರೆಂದು ತಿಳಿಯುತ್ತದೆ. ಹೆಸರುಳಿಯದ ಆ ಕೆಲಸಗಾರರ ಲೆಕ್ಕಾಚಾರವು ವಿಠ್ಠಲ ದೇವಾಲಯದ ಕಲ್ಲಿನ ರಥದಷ್ಟೇ ಗೌರವಕ್ಕೆ ಅರ್ಹವಾದುದು. ರಾಣಿಯ ಸ್ನಾನಗೃಹಕ್ಕೆ ಅರ್ಧ ಗಂಟೆ ಸಾಕು. ವಿಠ್ಠಲ ದೇವಾಲಯವನ್ನು ಇನ್ನೊಂದು ದಿನಕ್ಕೆ ಉಳಿಸಿಕೊಳ್ಳುವುದು ಲೇಸು.

ಇಳಿಹೊತ್ತನ್ನು ತುರ್ತಾ ಕಾಲುವೆಯ ದಂಡೆಗೆ ಮೀಸಲಿಡಬೇಕು. ಕ್ರಿ.ಪೂ. 19ರಲ್ಲಿ ರೋಮ್‌ಗೆ ನೀರು ತಂದ ಅಕ್ವಾ ವರ್ಗೊ ಕಾಲುವೆ ಹಲವು ದುರಸ್ತಿಗಳನ್ನು ಕಂಡು ಟ್ರೆವಿ ಕಾರಂಜಿಯವರೆಗೆ ಬದುಕಿ ಬಂದಂತೆ, 1565ರ ಯುದ್ಧದ ಸೋಲಿನ ಬಳಿಕ ರಾಜಧಾನಿ ಪಾಳುಬಿದ್ದರೂ ತುರ್ತಾ ಬತ್ತಲಿಲ್ಲ, ಅದರ ಇಕ್ಕೆಲಗಳಲ್ಲಿ ಬಾಳೆ ಇಂದಿಗೂ ಗೊನೆ ಬಿಡುತ್ತದೆ. ತುರ್ತಾ ಸೇರಿದಂತೆ ವಿಜಯನಗರ ಕಾಲುವೆಗಳೆಂದು ಹೆಸರಾದ ಜಾಲದಲ್ಲಿ ಕಂಪ್ಲಿ, ಸಿರುಗುಪ್ಪ, ದೇಶನೂರು ಕಾಲುವೆಗಳೂ ಸೇರಿವೆ. ಅವುಗಳ ನೀರಿನಲ್ಲಿ ಈಗಲೂ ಭತ್ತ ಬೆಳೆಯುತ್ತಿದೆ.